ಮಧ್ಯಾಹ್ನದ ಮೀಟರು

ನಮ್ಮ ಮಹಡಿಯ ಕರೆಂಟು ಮೀಟರು ಮೆಟ್ಟಿಲಿನ ತಿರುವಿನಲ್ಲಿತ್ತು. ಗಾಜಿನ ಹಿಂದೆ ಒಂದು ತೆಳುವಾದ ತಟ್ಟೆ, ತಟ್ಟೆಯ ಅಂಚಿನಲ್ಲಿ ಒಂದು ಕಪ್ಪು ಗುರುತು. ಸಂಜೆ ಎಲ್ಲ ಕೋಣೆಗಳಲ್ಲೂ ದೀಪ ಹತ್ತಿದಾಗ ಆ ಗುರುತು ಓಡುತ್ತಿತ್ತು. ಮಧ್ಯಾಹ್ನ ಎಲ್ಲರೂ ತರಗತಿಗೆ ಹೋದ ಮೇಲೆ ತೆವಳುತ್ತಿತ್ತು. ಪೂರ್ತಿ ನಿಲ್ಲುತ್ತಿರಲಿಲ್ಲ.

ಅದು ಯಾಕೆ ನಿಲ್ಲುವುದಿಲ್ಲ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು.

ಅದು ವಿದ್ಯಾರ್ಥಿನಿಯರ ವಸತಿಗೃಹ. ಗಂಡ ಸತ್ತ ಮೇಲೆ, ಅರ್ಧಕ್ಕೆ ನಿಂತಿದ್ದ ಸಂಶೋಧನೆ ಮುಗಿಸುತ್ತೇನೆಂದು ಎಲ್ಲರಿಗೂ ಹೇಳಿ, ಮೇಲಿನ ಮಹಡಿಯ ಮೂಲೆಯ ಕೋಣೆ ಹಿಡಿದಿದ್ದೆ. ಉಳಿದವರೆಲ್ಲ ನನಗಿಂತ ಚಿಕ್ಕವರು. ಯಾರೂ ಹೇಳಿಕೊಡದೆ ಅಕ್ಕ ಎಂದು ಕರೆದರು. ಅಲ್ಲಿಗೆ ನನ್ನ ಹೆಸರಿಗೆ ಕೆಲಸ ಇಲ್ಲದಾಯಿತು. ಅದೂ ಹಿತವಾಗಿತ್ತು.

ಆ ತಿಂಗಳು ತಾರಸಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಟ್ಯಾಂಕು ಬಂದು ಕೂತಿತು. ಅದರ ನೀರು ಒಂದು ಮಹಡಿಗೆ ಮಾತ್ರ ಸಾಲುತ್ತದೆ. ಯಾವ ಮಹಡಿಯವರು ತಿಂಗಳ ಕೊನೆಗೆ ಎಲ್ಲರಿಗಿಂತ ಕಡಿಮೆ ಕರೆಂಟು ಸುಟ್ಟಿರುತ್ತಾರೋ ಅವರಿಗೇ ಪೈಪು ಎಂದು ವಾರ್ಡನ್ ಹೇಳಿದರು. ಚಳಿ ಆಗಲೇ ಶುರುವಾಗಿತ್ತು.

ನಮ್ಮವರ ಮುಂದಾಳು ಭೌತಶಾಸ್ತ್ರ ಓದುವ ಒಬ್ಬ ಕನ್ನಡಕದ ಹುಡುಗಿ. ಹೋಗುತ್ತ ಬರುತ್ತ ಟಾರ್ಚು ಹಿಡಿದು ಗಾಜಿನೊಳಗೆ ಇಣುಕಿದ್ದಕ್ಕೆ ಅವಳಿಗೆ ಮೀಟರಮ್ಮ ಎಂದು ಹೆಸರು ಬಿತ್ತು. ಅವಳ ಕೋಣೆಯ ಗೆಳತಿಗೆ ರೇಡಿಯೊ ಎಂಬ ಹೆಸರು ಮೊದಲೇ ಇತ್ತು. ಕಾರಣ ಹೇಳಬೇಕಾಗಿಲ್ಲ.

ಮೀಟರಮ್ಮನಿಗೆ ಟ್ಯಾಂಕು ನೆಪ. ಬದುಕುವ ರೀತಿಯೇ ಬದಲಾಗಬೇಕು ಎನ್ನುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರಕ್ಕೆ ಬಟ್ಟೆ ಹೊದಿಸಿದೆವು. ಒಗೆದದ್ದು ತಂತಿಯ ಮೇಲೆ ಬಿಸಿಲಿಗೆ ಬಂತು. ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಯಿತು, ಸಿಪ್ಪೆ ಮಣ್ಣಿನ ಡ್ರಮ್ಮಿಗೆ. ಫ್ರಿಜ್ಜು ಬಂದ್ ಆಯಿತು. ಅದರ ಬದಲು ಮಡಕೆಯೊಳಗೊಂದು ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ತರಕಾರಿ ಇಟ್ಟೆವು. ಒಂದು ಮಗ್ಗುಲು ಬರೆದ ಹಾಳೆಗಳನ್ನೆಲ್ಲ ಸೇರಿಸಿ ಹೊಲಿದೆವು. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆವು.

"ಲಿಫ್ಟು ನಮ್ಮ ಮೀಟರಿಗೆ ಸೇರಿಲ್ಲ ಕಣೇ!" ರೇಡಿಯೊ ಏದುಸಿರು ಬಿಡುತ್ತ ಕೂಗುತ್ತಿದ್ದಳು.

"ಭೂಮಿಗೆ ಸೇರಿದೆ. ಹತ್ತು."

"ಭೂಮಿ ಕೆಳಗಿದೆ ತಾಯಿ. ನಾನು ಮೇಲಕ್ಕೆ ಹೋಗ್ತಿರೋದು."

ಹೇಳಿದ್ದನ್ನು ಮಾಡುವುದು ಆಗ ನನಗೆ ಬಹಳ ಸುಲಭವಾಗಿತ್ತು. ಬೇಕು, ಬೇಡ ಎಂಬುವು ಒಳಗಿನಿಂದ ಹುಟ್ಟುತ್ತಿರಲಿಲ್ಲ. ಅರ್ಧ ಬಕೆಟ್ಟು ಅಂದರೆ ಅರ್ಧ ಬಕೆಟ್ಟು, ತಣ್ಣೀರು ಅಂದರೆ ತಣ್ಣೀರು. ಮೈಗೆ ಬಿದ್ದ ನೀರು ಬೇರೆ ಯಾರ ಮೈಗೋ ಬಿದ್ದ ಹಾಗೆ. ಸಂಜೆ ದೀಪ ಹಾಕಬೇಕು ಎಂದೂ ಅನಿಸುತ್ತಿರಲಿಲ್ಲ. ಕಿಟಕಿಯ ಬೆಳಕು ಹಾಳೆಯಿಂದ ಜಾರಿ ನೆಲಕ್ಕಿಳಿದು, ನೆಲದಿಂದ ಎದ್ದು ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದೆ.

"ಅಕ್ಕನ್ನ ನೋಡಿ ಕಲೀರೇ," ರೇಡಿಯೊ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿದಳು. "ಇವರ ರೂಮಿಗೆ ಸಂಜೆ ಹೋದ್ರೆ ಗುಹೆಗೆ ಹೋದಂಗಿರುತ್ತೆ. ಪ್ರಪಂಚ ಉಳಿಸೋರು ಇವರೊಬ್ರೇ."

ನಾನು ಲೋಟ ತೊಳೆದು ಬೋರಲು ಹಾಕಿ ಬಂದೆ.

ಆ ಗುಹೆಯಲ್ಲಿ, ಮೇಜಿನ ಕೆಳಗೆ, ನನ್ನ ಹಳೆಯ ದುಪಟ್ಟಾದ ಮರೆಯಲ್ಲಿ ಗಂಡನ ಕಂಪ್ಯೂಟರು ಓಡುತ್ತಿತ್ತು. ಅವನು ಹೋದ ಬೆಳಿಗ್ಗೆಯಿಂದ ಅದು ನಿಂತಿರಲಿಲ್ಲ. ಪರದೆಯನ್ನು ಮಾತ್ರ ಆರಿಸಿಟ್ಟಿದ್ದೆ. ಒಳಗೆ ಅವನು ಅರ್ಧ ಆಡಿದ ಇಸ್ಪೀಟಾಟ ಇತ್ತು, ಒಬ್ಬರೇ ಕೂತು ಆಡುವಂಥದ್ದು. ಏಳು ಸಾಲು ಎಲೆಗಳು. ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ಕಪ್ಪು ಇಟ್ಟುಕೊಂಡು ಇಳಿಯಬೇಕು. ಅಡಿಯಲ್ಲಿರುವವು ಕವುಚಿಕೊಂಡಿರುತ್ತವೆ. ಮೇಲಿನದು ಸರಿದರೆ ಕೆಳಗಿನದು ಮುಖ ತೋರಿಸುತ್ತದೆ.

ಹಾಲು ತರುತ್ತೇನೆ ಎಂದು ಆಟದ ನಡುವೆ ಎದ್ದು ಹೋದ. ಹಾಲಿನ ಅಂಗಡಿ ರಸ್ತೆಯ ಆಚೆ. ದಾಟಬೇಕು.

ಯಂತ್ರ ಆರಿಸಿದರೆ ಆಟ ಅಳಿಸಿಹೋಗುತ್ತಿತ್ತು. ಅಷ್ಟೇ. ಬೇರೆ ರಹಸ್ಯ ಏನೂ ಇರಲಿಲ್ಲ.

ನಮ್ಮ ಬಾಡಿಗೆ ಮನೆಯಿಂದ ಈ ಕೋಣೆಗೆ ಅದನ್ನು ತಂದ ದಿನ ಮಾತ್ರ ಕನಸಿನಷ್ಟು ಸ್ಪಷ್ಟವಾಗಿ ನೆನಪಿದೆ. ಅವನ ಗೆಳೆಯ ಕಂಪ್ಯೂಟರನ್ನು ಎದೆಗೆ ಅವಚಿ ಹಿಡಿದಿದ್ದ. ಹಿಂದೆ ನಾನು, ಕೈಯಲ್ಲಿ ಅದಕ್ಕೆ ಕರೆಂಟು ಉಣಿಸುವ ಯುಪಿಎಸ್. ನಡುವೆ ಒಂದು ಗಿಡ್ಡ ವೈರು. ಗೆಳೆಯ ಬೇಗ ನಡೆದರೆ ನಾನೂ ಬೇಗ ನಡೆಯಬೇಕು. ಗೋಡೆಯ ಪ್ಲಗ್ಗಿನಿಂದ ಕಿತ್ತ ಯುಪಿಎಸ್ ದಾರಿಯುದ್ದಕ್ಕೂ ಕೀಂ, ಕೀಂ ಎಂದು ಕೂಗುತ್ತಿತ್ತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಏನಮ್ಮ ಅದರೊಳಗೆ, ಮರಿಯಾ?" ಒಬ್ಬ ಅಜ್ಜಿ ಕೇಳಿದಳು.

"ಹ್ಞೂಂ ಅಜ್ಜಿ," ಅಂದೆ.

"ಹಸಿದಿದೆ ಪಾಪ. ಬೇಗ ಹೋಗು."

ಈ ಕೋಣೆಯಲ್ಲಿ ಅದರ ಫ್ಯಾನಿನ ಸದ್ದು ಮಲಗಿದವರ ಉಸಿರಿನ ಹಾಗಿತ್ತು. ಬೆನ್ನಿನ ಕಿಂಡಿಯಿಂದ ಬಿಸಿಗಾಳಿ ಬರುತ್ತಿತ್ತು. ಮಧ್ಯಾಹ್ನಗಳಲ್ಲಿ ಮಂಚದಿಂದ ಕೈ ಇಳಿಬಿಟ್ಟು ಅಲ್ಲಿ ಹಿಡಿಯುತ್ತಿದ್ದೆ. ಬೆಚ್ಚಗಿರುತ್ತಿತ್ತು. ಹಾಗೇ ನಿದ್ದೆ ಹೋಗುತ್ತಿದ್ದೆ.

ರಜೆಯ ಒಂದು ಮಧ್ಯಾಹ್ನ ಹೊರಗೆ ಮಾತು ಕೇಳಿತು.

"ಎಲ್ಲಾ ಆಫ್ ಮಾಡಿದೀವಿ, ಆದ್ರೂ ತಿರುಗ್ತಿದೆ. ಯಾವುದೋ ರೂಮಲ್ಲಿ ದೆವ್ವ ಇದೆ." ಮೀಟರಮ್ಮನ ದನಿ. "ಒಂದೊಂದೇ ಫ್ಯೂಸು ಕಿತ್ತು ನೋಡೋಣ. ಯಾರ ಫ್ಯೂಸು ಕಿತ್ತಾಗ ನಿಲ್ಲುತ್ತೋ ಅವರ ರೂಮು."

"ನೀನು ಕೀಳು. ನಾನು ದೂರದಲ್ಲಿ ನಿಂತು ನಿಮ್ಮಮ್ಮಂಗೆ ಫೋನ್ ಮಾಡೋಕೆ ರೆಡಿ ಇರ್ತೀನಿ."

ಫ್ಯೂಸುಗಳು ಕಳಚುವ ಸದ್ದು, ಮತ್ತೆ ಕೂರುವ ಸದ್ದು. ನಿಂತಿಲ್ಲ, ನಿಂತಿಲ್ಲ ಎನ್ನುತ್ತ ಬಂದರು. ನಾನು ಮಂಚದ ಮೇಲೆ ಮಲಗಿ ಕೇಳುತ್ತಿದ್ದೆ. ಏಳಬೇಕಿತ್ತು. ಏಳಲಿಲ್ಲ.

"ಉಳಿದಿರೋದು ಅಕ್ಕಂದೊಂದು. ಅದನ್ನ ಬಿಡೇ," ರೇಡಿಯೊ ಹೇಳಿದಳು. "ದೇವರ ರೂಮಲ್ಲಿ ದೆವ್ವ ಹುಡುಕ್ತೀಯಾ? ನಂಗೆ ಹಸಿವು, ನಾನು ಹೋಗ್ತೀನಿ."

"ಎಲ್ಲಾರ್ದೂ ಅಂದ್ರೆ ಎಲ್ಲಾರ್ದೂ."

ಚಪ್ಪಲಿಯ ಸದ್ದು ದೂರವಾಯಿತು. ಟಕ್ ಎಂದಿತು. ಮೇಜಿನ ಕೆಳಗಿನಿಂದ ಕೀಂ ಎಂಬ ಕೂಗು ಎದ್ದಿತು.

"ನಿಂತ್ತು! ನಿಂತ್ತು!" ಎಂದ ಮೀಟರಮ್ಮ ಆ ಕೂಗು ಕೇಳಿ ನನ್ನ ಕೋಣೆಯತ್ತ ಬಂದಳು. ಆಮೇಲೆ ಬಾಗಿಲು ಬಡಿದಳು.

ತೆರೆದೆ.

"ಅಕ್ಕ, ಅದೇನು ಕೂಗ್ತಿರೋದು?"

"ಫ್ಯೂಸು ಹಾಕು."

"ಅಕ್ಕ, ಏನು..."

"ಮೊದ್ಲು ಹಾಕು. ಆಮೇಲೆ ಹೇಳ್ತೀನಿ."

ನನ್ನ ದನಿ ಹೇಗಿತ್ತೋ, ಓಡಿದಳು. ಕೂಗು ನಿಂತಿತು. ತಿರುಗಿ ಬಂದವಳನ್ನು ಒಳಗೆ ಕರೆದು ಬಾಗಿಲು ಹಾಕಿದೆ. ದುಪಟ್ಟಾ ಸರಿಸಿ ಪರದೆ ಹತ್ತಿಸಿದೆ. ಹಸಿರು ಬಯಲಿನ ಮೇಲೆ ಎಲೆಗಳು ಹಾಗೇ ಇದ್ದವು.

"ಯಾರ ಆಟ ಅಕ್ಕ ಇದು?"

"ಅವನದು. ಹಾಲು ತರೋಕೆ ಎದ್ದ."

ಅವಳು ಕನ್ನಡಕ ತೆಗೆದಳು, ಒರೆಸದೆ ಮತ್ತೆ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ಚಾಚಿ, "ಈ ಆಟೀನ್ ಒಂಬತ್ತು ಇಲ್ಲಿ, ಇಸ್ಪೀಟ್ ಹತ್ತರ ಮೇಲೆ ಹೋಗುತ್ತಲ್ಲ," ಅಂದಳು.

ಅವಳ ಮಣಿಕಟ್ಟು ಹಿಡಿದುಬಿಟ್ಟೆ. "ಮುಟ್ಬೇಡ. ಅವನ ಸರದಿ."

ಫ್ಯೂಸು ಕಿತ್ತು ಹಾಕಿ ಬಂದಿದ್ದ ಅವಳ ಕೈ ಬೆಚ್ಚಗಿತ್ತು. ಯಾರನ್ನಾದರೂ ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ಆಗ ತಿಳಿಯಿತು.

ಸಂಜೆ ಅಡುಗೆಮನೆಯಲ್ಲಿ ರೇಡಿಯೊ ಕೇಳಿದಳು. "ಸಿಕ್ತಾ ನಿನ್ನ ದೆವ್ವ?"

"ಇಲ್ಲ. ವೈರಿಂಗು ಹಳೇದು. ಎಲ್ಲೋ ಕರೆಂಟು ಸೋರುತ್ತೆ."

"ಕರೆಂಟೂ ಸೋರುತ್ತಾ?"

"ನಿನ್ನ ಬಾಯಿ ಸೋರಲ್ವಾ, ಹಂಗೆ."

ಎಲ್ಲರೂ ನಕ್ಕರು. ಸುಳ್ಳು ಹೇಳಲು ಬಾರದ ಹುಡುಗಿ ನನ್ನ ಕಡೆ ನೋಡದೆ ಮಡಕೆಯ ಮರಳಿಗೆ ನೀರು ಚಿಮುಕಿಸುತ್ತಿದ್ದಳು.

ಸೋರುವ ವೈರನ್ನು ಸರಿದೂಗಿಸಲು ಅವರು ಇನ್ನಷ್ಟು ಬಿಟ್ಟುಕೊಟ್ಟರು. ಇಸ್ತ್ರಿ ಹೋಯಿತು. ಸಂಜೆ ಒಂದೇ ಕೋಣೆಯಲ್ಲಿ, ಒಂದೇ ದೀಪದ ಕೆಳಗೆ ಎಲ್ಲರೂ ಓದಲು ಕೂತರು. ನನ್ನನ್ನೂ ಕೈಹಿಡಿದು ಎಳೆದುಕೊಂಡು ಹೋಗಿ ಕೂರಿಸಿದರು. ಹಳದಿ ಬೆಳಕಿನಲ್ಲಿ ತಲೆಗಳೆಲ್ಲ ಒಂದೇ ಹೊಂಡದ ಸುತ್ತ ಬಾಗಿದಂತೆ ಕಾಣುತ್ತಿದ್ದವು. ಮುಟ್ಟಿದರೆ ಕದಡಿಹೋಗುತ್ತದೆ ಎನಿಸಿ ಕೈ ಮಡಚಿ ಕೂರುತ್ತಿದ್ದೆ.

ನೀರು ಕಾಯಿಸುವ ಕಡ್ಡಿಯನ್ನು ಕೊನೆಗೆ ಬಿಟ್ಟುಕೊಟ್ಟವಳು ರೇಡಿಯೊ. ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿ, ತಂತಿಗೆ ಟವೆಲು ಹಾಕುತ್ತ ಸೀನಿದಳು. ಮತ್ತೆ ಸೀನಿದಳು. ತುಟಿ ನೀಲಿಯಾಗಿತ್ತು.

"ಅಕ್ಕ, ಆ ಸೋರೋ ವೈರು ನನ್ನ ಕೈಗೆ ಸಿಗಬೇಕು," ಅಂದಳು ನಗುತ್ತ. "ಅದನ್ನ ಸ್ಕಾರ್ಫ್ ಮಾಡಿ ಸುತ್ಕೊತೀನಿ."

ಅವಳ ಕೂದಲಿನಿಂದ ಒಂದು ಹನಿ ನನ್ನ ಪಾದದ ಮೇಲೆ ಬಿತ್ತು. ತಣ್ಣಗಿತ್ತು. ಬಹಳ ತಣ್ಣಗೆ. ಆ ಚಳಿಗಾಲದಲ್ಲಿ ನನಗೆ ಆದ ಮೊದಲ ಚಳಿ ಅದು.

ಅಂದೇ ಮೀಟರಮ್ಮನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಆರಿಸ್ಬಿಡ್ತೀನಿ," ಅಂದೆ.

"ಬೇಡ ಅಕ್ಕ, ನನಗೊಂದು ದಿನ ಕೊಡಿ. ಆಟನೂ ಉಳೀಬೇಕು, ಮೀಟರೂ ನಿಲ್ಬೇಕು. ದಾರಿ ಇರುತ್ತೆ."

ಮರುದಿನ ಮಧ್ಯಾಹ್ನ ಅವಳು ತರಗತಿ ಬಿಟ್ಟು ಬಂದಳು. ಕೈಯಲ್ಲಿ ಅಂಚು ಸವೆದ ಇಸ್ಪೀಟು ಕಟ್ಟು. "ಡೈಮಂಡ್ ಏಳು ಕಳೆದುಹೋಗಿದೆ. ಸೋಪಿನ ಡಬ್ಬದ ರಟ್ಟು ಕತ್ತರಿಸಿ ಮಾಡಿದೀನಿ. ಎಸೆಯೋದು ಯಾಕೆ ಅಂತ."

ನನ್ನ ಮಂಚದ ಮೇಲೆ ಹೊದಿಕೆ ಸರಿಮಾಡಿ, ಪರದೆ ನೋಡಿಕೊಂಡು, ಅದೇ ಆಟವನ್ನು ಹಾಸತೊಡಗಿದಳು. ಕರೆಂಟು ಬೇಡದ ಆಟ, ಎಷ್ಟು ದಿನ ಬೇಕಾದರೂ ಹಾಗೇ ಇರುತ್ತದೆ, ಅಡಿಗೊಂದು ಹಲಗೆ ಕೊಟ್ಟರೆ ಮೇಜಿನ ಮೇಲಿಡಬಹುದು ಎಂದಳು. ಗುಲಾಮನ ಪಕ್ಕ ಇಸ್ಪೀಟಿನ ಹತ್ತು, ಅದರಾಚೆ ಆಟೀನಿನ ಒಂಬತ್ತು. ಕಾಣುವ ಎಲೆಗಳೆಲ್ಲ ಒಂದೊಂದಾಗಿ ಬಂದು ಕೂತವು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿತ್ತು. ಪರದೆಯ ಮೇಲಿನದೇ ಇಳಿದು ಬಂದು ನನ್ನ ಹಾಸಿಗೆಯ ಮೇಲೆ ಮಲಗಿದ ಹಾಗೆ.

ಆಮೇಲೆ ಅವಳ ಕೈ ನಿಂತಿತು. ಉಳಿದ ಎಲೆಗಳನ್ನು ಹಿಡಿದುಕೊಂಡು ಕೂತಳು.

"ಅಕ್ಕ, ಕವುಚಿರೋವು ಯಾವುವು ಅಂತ ಗೊತ್ತಿಲ್ವಲ್ಲ. ನಾನು ಯಾವುದನ್ನ ಇಟ್ರೂ ಸುಳ್ಳಾಗುತ್ತೆ."

"ಹೌದು."

"ನಾನು ಇದನ್ನ ಯೋಚನೇನೇ ಮಾಡಿರ್ಲಿಲ್ಲ." ಅವಳ ಮುಖ ಚಿಕ್ಕದಾಯಿತು. ಕೈಯಲ್ಲಿದ್ದ ಎಲೆಗಳನ್ನು ಹೊದಿಕೆಯ ಮೇಲಿಟ್ಟು ಕೇಳಿದಳು. "ಭಾವಂಗೂ ಗೊತ್ತಿರ್ಲಿಲ್ಲ, ಅಲ್ವಾ?"

ಅವನನ್ನು ಭಾವ ಎಂದು ಯಾರೂ ಕರೆದಿರಲಿಲ್ಲ. ನನಗೆ ತಂಗಿಯರಿಲ್ಲ. ತಾನು ಕಾಣದ ಮನುಷ್ಯನನ್ನು ಅವಳು ಸಲೀಸಾಗಿ ನೆಂಟನನ್ನಾಗಿ ಮಾಡಿಕೊಂಡಿದ್ದಳು.

"ಇಲ್ಲ," ಅಂದೆ. "ಅವನಿಗೂ ಗೊತ್ತಿರ್ಲಿಲ್ಲ."

ಫ್ಯಾನು ಉಸಿರಾಡುತ್ತಿತ್ತು. ಇಷ್ಟು ಕಾಲ ನಾನು ಅವನದೆಂದು ಕಾದದ್ದರಲ್ಲಿ ಅರ್ಧ ಅವನು ನೋಡದೆಯೇ ಹೋದದ್ದು. ಅದು ಅವನಿಗೂ ಮುಚ್ಚಿಕೊಂಡೇ ಇತ್ತು. ಯಾರಾದರೂ ಆಡಿದರಷ್ಟೇ ಮುಖ ತೋರಿಸುತ್ತಿತ್ತು.

ಮೌಸನ್ನು ಹಿಡಿದೆ. ಅವನ ಹೆಬ್ಬೆರಳು ತಾಗಿ ನುಣುಪಾಗಿದ್ದ ಜಾಗಕ್ಕೆ ನನ್ನ ಹೆಬ್ಬೆರಳು ಸರಿಯಾಗಿ ಕೂರಲಿಲ್ಲ. ಆಟೀನಿನ ಒಂಬತ್ತನ್ನು ಎತ್ತಿ ಇಸ್ಪೀಟಿನ ಹತ್ತರ ಮೇಲೆ ಇಟ್ಟೆ.

ಕೆಳಗಿದ್ದ ಎಲೆ ಹೊರಳಿತು. ಕಳಾವರ್ ಎಕ್ಕ.

"ಎಕ್ಕ! ಅಕ್ಕಾ, ಎಕ್ಕ!" ಮೀಟರಮ್ಮ ಮಂಚದಿಂದ ಜಿಗಿದೇ ಬಿಟ್ಟಳು. ಅವಳು ಹಾಸಿದ್ದ ಎಲೆಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಆಡಿದೆವು. ಒಂದೊಂದೇ ಮುಖ ಮೇಲೆ ಬಂತು. ರಾಣಿಯೊಬ್ಬಳು, ಬೆಲೆಯಿಲ್ಲದ ಎರಡರ ಎಲೆಯೊಂದು, ಬೇಡದ ಹೊತ್ತಿಗೆ ಬಂದ ರಾಜ. ಅವಳು ಹೇಳುತ್ತಿದ್ದಳು, ನಾನು ಬೈಯುತ್ತಿದ್ದೆ, ಅವಳು ಹೇಳಿದ್ದೇ ಸರಿಯಾಗುತ್ತಿತ್ತು. ಬಿಸಿಲು ಗೋಡೆ ಹತ್ತಿತು. ಕೊನೆಗೆ ಎಲ್ಲಿ ಏನನ್ನು ಇಡಲೂ ಜಾಗವಿಲ್ಲದೆ ಆಟ ಕಟ್ಟಿಕೊಂಡಿತು.

"ಸೋತ್ವಿ," ಅಂದಳು. "ಭಾವ ಆಡಿದ್ರೂ ಸೋಲ್ತಿದ್ರು ಬಿಡಿ."

"ಅವನು ಸೋಲ್ತಿರ್ಲಿಲ್ಲ. ಹಿಂದಕ್ಕೆ ಹೋಗಿ ಹೋಗಿ ಇಟ್ಟದ್ದನ್ನೆಲ್ಲ ವಾಪಸ್ ತಗೊಂಡು ಗೆಲ್ತಿದ್ದ. ಕಳ್ಳ."

ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಅವನು ಹೋದ ಮೇಲೆ ಅವನನ್ನು ಬೈದಿರಲಿಲ್ಲ.

ಆರಿಸಿದೆ. ಫ್ಯಾನು ನಿಧಾನವಾಯಿತು, ಮೇಲಿನ ದನಿಯಿಂದ ಕೆಳಗಿನ ದನಿಗೆ ಇಳಿಯಿತು, ನಿಂತಿತು. ಯುಪಿಎಸ್ಸನ್ನೂ ಕಿತ್ತೆ. ಬೆನ್ನಿನ ಕಿಂಡಿಯ ಮುಂದೆ ಕೈ ಹಿಡಿದೆ. ಗಾಳಿ ಇರಲಿಲ್ಲ. ತಗಡು ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವವರೆಗೂ ಕೈ ತೆಗೆಯಲಿಲ್ಲ. ಮೀಟರಮ್ಮ ಎಲೆಗಳನ್ನು ಸದ್ದಿಲ್ಲದೆ ಒಟ್ಟುಮಾಡುತ್ತ ಕಾದಳು.

ಆಮೇಲೆ ಇಬ್ಬರೂ ಮೆಟ್ಟಿಲಿನ ತಿರುವಿಗೆ ಹೋದೆವು. ಟಾರ್ಚಿನ ಬೆಳಕಿನಲ್ಲಿ ತಟ್ಟೆ ನಿಂತಿತ್ತು. ಕಪ್ಪು ಗುರುತು ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ರೇಡಿಯೊ ಸೀನುತ್ತ ಮೇಲೆ ಬಂದವಳು, "ಏನಾಯ್ತು, ಯಾರು ಹೋದ್ರು?" ಎಂದಳು. ನೋಡಿದಳು. ಅವಳ ಬಾಯಿಯೂ ನಿಂತಿತು. ಮೂವರೂ ಅಲ್ಲೇ ನಿಂತೆವು. ಹೊರಗೆ ತಂತಿಯ ಮೇಲೆ ಬಟ್ಟೆಗಳು ತುಯ್ಯುತ್ತಿದ್ದವು.

ಕೋಣೆಗೆ ಬಂದೆ. ಸದ್ದೇ ಇರಲಿಲ್ಲ. ಹೊತ್ತು ಮುಳುಗುತ್ತಿತ್ತು. ಕಿಟಕಿಯ ಬೆಳಕು ಹಾಳೆಯಿಂದ ಜಾರಿ ನೆಲಕ್ಕಿಳಿಯಿತು, ನೆಲದಿಂದ ಎದ್ದು ಹೋಯಿತು. ಮುಂದಿನ ಸಾಲು ಓದಲಾಗಲಿಲ್ಲ. ಓದಬೇಕು ಎನಿಸಿತು.

ಎದ್ದು ದೀಪ ಹಾಕಿದೆ.

"ಅಕ್ಕಾ!" ಮೆಟ್ಟಿಲಿನಿಂದ ಇಬ್ಬರೂ ಒಟ್ಟಿಗೆ ಕೂಗಿದರು. "ಶುರುವಾಯ್ತು!"

"ನಾನೇ," ಅಂದೆ. "ಓದ್ತಿದೀನಿ."