ಬಾಗದ ಕಲ್ಲು

"ಸುತ್ತಿಗೆ ಏಟಿಗೆ ಸಿಡೀತು ಸಾಮಿ. ನನ್ ಹೆಂಡ್ತಿ ಕಣ್ಣು ಹೋಯ್ತು."

ಕಾಟಪ್ಪ ಕೊಟ್ಟ ಕುರುಂದದ ಚೂರನ್ನು ಪಂಚಾಕ್ಷರಯ್ಯ ಕಿಟಕಿಯ ಬೆಳಕಿಗೆ ಹಿಡಿದರು. ಮದರಾಸಿನಲ್ಲಿ ಓದಿ ಬಂದು ಮಡಕಶಿರದಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಅವರು. ಸಾಣೆ ಹಿಡಿಯಲು ಬೇಕಾಗುವ ಈ ಗಟ್ಟಿ ಕಲ್ಲನ್ನು ಬಂಡೆಯಿಂದ ಬಿಡಿಸುವುದು ಕಾಟಪ್ಪನ ಮನೆತನದ ಕಸುಬು.

ಹೆಂಡತಿ ಎರ್ರಮ್ಮ ಬಂಡೆಗೆ ಅರಿಶಿನ ಹಚ್ಚದೆ ಸುತ್ತಿಗೆ ಎತ್ತಿದಳು, ಅದಕ್ಕೇ ದೇವಿ ಕಣ್ಣು ಕಿತ್ತುಕೊಂಡಳು ಎಂದು ಅವನ ತಾಯಿ ಓಬಕ್ಕ ಮೂರು ತಿಂಗಳಿಂದ ಜಪಿಸುತ್ತಿದ್ದಳು. ಸೋಮವಾರ ಸೊಸೆಯನ್ನು ತವರಿಗೆ ಅಟ್ಟುವುದೆಂದೂ ತೀರ್ಮಾನವಾಗಿತ್ತು. ಓದಿದವರ ಒಂದು ಮಾತು ಸಿಕ್ಕರೆ ಮುದುಕಿಯ ಬಾಯಿ ಕಟ್ಟಬಹುದೆಂದು ಕಾಟಪ್ಪ ಗುಡಿಬಂಡೆಯಿಂದ ನಡೆದು ಬಂದಿದ್ದ.

ಕೇಳುವವರು ಸಿಕ್ಕರೆ ಮೇಷ್ಟ್ರಿಗೆ ಅಷ್ಟೇ ಸಾಕು. "ಎಲ್ಲ ವಸ್ತುವಿನೊಳಗೂ ಎಲೆಕ್ಟ್ರಾನ್ ಅಂತ ಕಣ್ಣಿಗೆ ಕಾಣದ ಕಣ ಇರ್ತವಪ್ಪ. ಕಬ್ಬಿಣದಲ್ಲಿ ಅವು ಬಿಡಾಡಿ ದನದ ಹಾಗೆ ತಿರುಗ್ತವೆ. ಅದಕ್ಕೇ ಕಬ್ಬಿಣದ ಅಣುಗಳು ಜರುಗಿದರೂ ಹಿಡಿತ ಬಿಡಲ್ಲ. ಬಡಿದರೆ ಬಾಗುತ್ತೆ. ಕುರುಂದದಲ್ಲಿ ಹಾಗಲ್ಲ. ಎಲೆಕ್ಟ್ರಾನು ಕೊಟ್ಟ ಅಣು, ತಗೊಂಡ ಅಣು ಒಂದನ್ನೊಂದು ಬಿಗಿಯಾಗಿ ಹಿಡಿದು ಕೂತಿರ್ತವೆ. ಅದಕ್ಕೇ ಇಷ್ಟು ಗಟ್ಟಿ. ಆದರೆ ಜರುಗೋ ಹಾಗಿಲ್ಲ, ಬಾಗೋ ಹಾಗಿಲ್ಲ. ಒಂದು ಬಿರುಕು ಬಿಟ್ಟರೆ ಸೀಳಿಯೇ ಹೋಗುತ್ತೆ."

ಕಾಟಪ್ಪನಿಗೆ ಅರ್ಧ ಅರ್ಥವಾಯಿತು. "ಹಂಗಾರೆ ಅರಿಶಿನದ್ದೇನೂ ಇಲ್ವಾ ಸಾಮಿ?"

"ಏನೂ ಇಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. "ಮತ್ತೆ ಬಿರುಕು ಹೆಂಗೆ ಬತ್ತದೆ?"

"ಕಾದ ಬಂಡೆಗೆ ತಣ್ಣೀರು ಸುರಿದರೆ ಒಳಗೊಳಗೇ ಬಿರಿದಿರುತ್ತೆ. ಆಮೇಲೆ ಯಾರು ಹೊಡೆದರೂ ಅಷ್ಟೆ. ನೀರು ಹಾಕಿದ್ರಾ?"

ಬೆಂಕಿ ಹಾಕಿ ಕಾಯಿಸಿದ ಬಂಡೆಯನ್ನು ಒಂದು ದಿನ ತಾನಾಗಿ ಆರಲು ಬಿಡುವುದು ಪದ್ಧತಿ. ಅಂದು ಕಲ್ಲು ಒಯ್ಯಲು ಸಾಹುಕಾರನ ಗಾಡಿ ಬಂದು ನಿಂತಿದೆಯೆಂದು ಎರ್ರಮ್ಮನ ಎದುರೇ ಎರಡು ಕೊಡ ನೀರು ಸುರಿದವನು ಕಾಟಪ್ಪನೇ.

"ಗೊತ್ತಿಲ್ಲ ಸಾಮಿ" ಎಂದು ಎದ್ದುಬಂದ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. "ಅರಿಶಿನದ್ದಲ್ವಂತೆ ಕಣವ್ವ, ಕಲ್ಲಿನ ಗುಣವೇ ಹಂಗಂತೆ" ಎಂದ.

ಓಬಕ್ಕ ಮೂತಿ ತಿರುವಿದಳು. "ಗುಣವಂತೆ ಗುಣ! ಮೂರು ತಲೆಮಾರು ನಮ್ ಕೈಗೆ ಸಿಡೀದೆ ಇದ್ದ ಕಲ್ಲು ಇವಳ ಕೈಗೇ ಯಾಕ್ಲಾ ಸಿಡೀತು?"

ಒಲೆಯ ಮುಂದಿದ್ದ ಎರ್ರಮ್ಮ ಒಂದೇ ಕಣ್ಣಲ್ಲಿ ಗಂಡನನ್ನು ನೋಡಿದಳು. ಅವನು ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ತಾಯಿ ಎದ್ದು ಹೊರಗೆ ಹೋದಳು.

ಎರ್ರಮ್ಮ ಮೆಲ್ಲಗೆ ಕೇಳಿದಳು: "ನೀರು ಸುರಿದೋರು ಯಾರಂತ ಕೇಳ್ಲಿಲ್ವಾ ಮೇಷ್ಟ್ರು?"

ಕಾಟಪ್ಪ ನೆಲ ನೋಡಿದ. "ಕೇಳ್ಲಿಲ್ಲ."

ಅವಳು ಅವನಿಗೆ ಮುದ್ದೆ ಬಡಿಸಿಟ್ಟು, ಮೂಲೆಗೆ ಹೋಗಿ ತನ್ನ ಎರಡು ಸೀರೆಗಳನ್ನು ಮಡಿಸತೊಡಗಿದಳು. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು.