ಮೂರು ಮಿಲಿಮೀಟರ್

ಮರದ ರೆಕ್ಕೆ ಒಳಗೆ ಹೋಗಲೇ ಇಲ್ಲ. ಸುಶ್ಮಿತಾ ಅಡ್ಡ ಹಿಡಿದಳು, ಓರೆ ಹಿಡಿದಳು. ವಿಮಾನದ ರೆಕ್ಕೆಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿ ಸುರಂಗದ ಗಾಜಿನ ಗೋಡೆಗಳ ನಡುವೆ ಅದು ಜಪ್ಪಯ್ಯ ಅಂದರೂ ಕೂರಲಿಲ್ಲ. ಮಧ್ಯಾಹ್ನ ಎರಡಕ್ಕೆ ಪರೀಕ್ಷಕರು ಬರುವವರಿದ್ದರು.

"ಅಳತೆ ನೀನೇ ಕೊಟ್ಟಿದ್ದಲ್ವಾ?" ನಾಗಯ್ಯನ ದನಿ ಗಟ್ಟಿಯಾಗಿತ್ತು. ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಮೂವತ್ತೆರಡು ವರ್ಷ ಎರಕಕ್ಕೆ ಮರದ ಮಾದರಿ ಕೆತ್ತಿದವನು. ನಿವೃತ್ತನಾದ ಮೇಲೆ ಅವನಿಗೆ ಕೆಲಸ ಕೊಟ್ಟವಳು ಪಕ್ಕದ ಮನೆಯ ಈ ಹುಡುಗಿಯೊಬ್ಬಳೇ. ರೆಕ್ಕೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಅವಳ ಕಾಲೇಜಿಗೆ ತಾನೇ ತಂದಿದ್ದ.

"ಇನ್ನೂರ ತೊಂಬತ್ತೆಂಟು ಮಿಲಿಮೀಟರ್ ಅಂದಿದ್ದೆ ತಾತ. ಇದು ಮುನ್ನೂರ ಒಂದಿದೆ."

ನಾಗಯ್ಯನಿಗೆ ತಟ್ಟನೆ ಹೊಳೆಯಿತು.

"ಫೌಂಡ್ರಿ ಅಳತೆಪಟ್ಟೀಲಿ ಅಳ್ದುಬಿಟ್ಟೆ ಮಾರಾಯ್ತಿ. ಕಬ್ಬಿಣ ಆರ್ದಾಗ ಕುಗ್ಗುತ್ತೆ ಅಂತ ಆ ಪಟ್ಟೀಲಿ ನೂರಕ್ಕೊಂದು ಜಾಸ್ತಿನೇ ಇರುತ್ತೆ."

"ಇದನ್ನ ಯಾರು ಎರಕ ಹೊಯ್ತಾರೆ? ರೆಕ್ಕೆ ಇದೇ ತಾತ!"

ನಾಗಯ್ಯ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅಷ್ಟು ವರ್ಷ ಕೆತ್ತಿದ್ದೆಲ್ಲ ಮರಳಿನಲ್ಲಿ ಅಚ್ಚು ಬಿಟ್ಟು ಅಟ್ಟ ಸೇರಿತ್ತು. ಹೊರಗೆ ಹೋಗಿ ದುಡಿದದ್ದು ಕಬ್ಬಿಣ. ಮರವನ್ನೇ ಕೆಲಸಕ್ಕೆ ನಿಲ್ಲಿಸುವುದು ಅವನಿಗೆ ಇದೇ ಮೊದಲು.

"ಅಗಲ, ದಪ್ಪ ಎಲ್ಲಾ ಒಂದೇ ಲೆಕ್ಕದಲ್ಲಿ ದೊಡ್ಡದಾಗಿದೆ, ಆಕಾರ ಕೆಟ್ಟಿಲ್ಲ," ಎಂದಳು ಸುಶ್ಮಿತಾ. "ತುದಿ ಮಾತ್ರ ಉಜ್ಜಿಕೊಡಿ. ಕೈ ಸರಿಯಿತ್ತೋ ಇಲ್ವೋ ಗಾಳಿನೇ ಹೇಳುತ್ತೆ."

ಎರಡೂ ತುದಿ ಅರದಲ್ಲಿ ಉಜ್ಜಿದ. ಈ ಸಲ ರೆಕ್ಕೆ ಕೂತಿತು. ಫ್ಯಾನು ಗುಡುಗಿತು. ಪರದೆಯ ಮೇಲೆ ಎರಡು ಅಂಕಿ.

"ಮೇಲಿಂದು ರೆಕ್ಕೇನ ಎತ್ತೋ ಬಲ, ಏರ್ಬೇಕು. ಕೆಳಗಿಂದು ಮೂತಿ ತಿರುಚೋ ಬಲ. ಮುಂದಿನ ಅಂಚಿಂದ ಕಾಲು ಭಾಗಕ್ಕೆ ರೆಕ್ಕೇನ ಹಿಡಿಯೋ ಕಂಬಿ ಹಾಕಿದೀವಲ್ಲ, ಅಲ್ಲಿ ಅದು ಹೆಚ್ಚುಕಡಿಮೆ ಒಂದೇ ಇರ್ಬೇಕು."

ಅವಳು ರೆಕ್ಕೆಯ ಮೂತಿಯನ್ನು ಒಂದೊಂದೇ ಡಿಗ್ರಿ ಎತ್ತಿದಳು. ಮೇಲಿನ ಅಂಕಿ ಏರಿತು, ಕೆಳಗಿನದು ಕದಲಲಿಲ್ಲ. ಕೋನ ಹದಿನಾಲ್ಕು ಡಿಗ್ರಿ ದಾಟಿತು ನೋಡಿ, ರೆಕ್ಕೆ ಗಡಗಡ ನಡುಗಿ ಮೇಲಿನ ಅಂಕಿ ದೊಪ್ಪನೆ ಬಿತ್ತು.

"ಅಯ್ಯೋ! ನಂದೇ ತಪ್ಪು, ಎಲ್ಲೋ ಉಬ್ಬು ಕೆಡಿಸಿದೀನಿ."

"ಇಲ್ಲ ತಾತ. ಅತಿಯಾಗಿ ಮೂತಿ ಎತ್ತಿದ್ರೆ ಎಂಥ ರೆಕ್ಕೆನೂ ಬೀಳುತ್ತೆ. ಈ ಆಕಾರಕ್ಕೆ ಪುಸ್ತಕದಲ್ಲೂ ಹದಿನಾಲ್ಕೇ ಇರೋದು."

ಅವಳು ಕೋನ ಇಳಿಸಿದಳು. ನಡುಕ ನಿಂತಿತು, ಅಂಕಿ ಮತ್ತೆ ಮೇಲೇರಿತು.

ನಾಗಯ್ಯ ಕಣ್ಣೊರೆಸಿಕೊಂಡು ಗಾಜಿನ ಹತ್ತಿರ ಸರಿದ.

"ಎಲ್ಲಿ, ಇನ್ನೊಂದ್ಸಲ ಬೀಳ್ಸು ನೋಡಣ."