ಒಂದು ಬಕೆಟ್ ಲೋಳೆ

ಸುಕನ್ಯ ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಅತ್ತೆ ಮರಮ್ಮ ಜಗಲಿಯಿಂದಲೇ ಕೂಗಿದಳು.

"ಏನವ್ವಾ, ಈಗ್ಲೇ ಮುದ್ದೆಗೆ ಎಸರಿಟ್ಟ್ಯಾ?"

"ಇಲ್ಲ ಕಣತ್ತೆ. ತೆಳ್ಳಗೆ ಕಾಯ್ಸಿ ಬಕೆಟ್ಟಿಗೆ ತುಂಬಕ್ಕೆ. ಸಿಂಧು ತಲೆ ಮ್ಯಾಲೆ ಸುರ್ಕೊಳೋ ಆಟ ಐತಲ್ಲ, ಅದಕ್ಕೆ."

"ತಲೆ ಮ್ಯಾಲಾ! ಅಯ್ಯೋ ನಿನ್ ಬುದ್ಧಿಗಿಷ್ಟು! ಉಣ್ಣೋ ರಾಗಿನ ಯಾರಾರ ಮೈಮ್ಯಾಲೆ ಸುರ್ಕೊಂಡಾರಾ? ಮುಚ್ಚು ಡಬ್ಬನ, ಮುಚ್ಚು!"

ಸುಕನ್ಯ ತೆಪ್ಪಗೆ ಮುಚ್ಚಿದಳು. ಅತ್ತೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಂತರಸಂತೆಯ ಅವಳ ತವರಿನಲ್ಲೂ ನೆಲಕ್ಕೆ ಬಿದ್ದ ರಾಗಿಯನ್ನು ಕಣ್ಣಿಗೊತ್ತಿಕೊಂಡೇ ಎತ್ತುತ್ತಿದ್ದರು. ಆಟದ ಹುಮ್ಮಸ್ಸಿನಲ್ಲಿ ಅದು ಹೇಗೆ ಮರೆತುಹೋಯಿತೋ! ಮರಮ್ಮ ಗೊಣಗುತ್ತ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಮೊಮ್ಮಗಳು ಸಿಂಧುವನ್ನೂ ಕರೆದುಕೊಂಡು ಸೊಸೈಟಿ ಅಕ್ಕಿ ತರಲು ಹೊರಟಳು.

ಮಾದೇಶನನ್ನು ಮದುವೆಯಾಗಿ ಹುಣಸೂರಿನ ಪಕ್ಕದ ಈ ಹಳ್ಳಿಗೆ ಸುಕನ್ಯ ಬಂದು ಆರು ತಿಂಗಳಾಗಿತ್ತು. ಅವನ ಮೊದಲ ಹೆಂಡತಿ ರಾಧಾ ಜ್ವರ ಬಂದು ತೀರಿಕೊಂಡು ಎರಡು ವರ್ಷ. ಅವಳ ಮಗಳು ಹತ್ತು ವರ್ಷದ ಸಿಂಧು. ಸುಕನ್ಯ ಬಡಿಸಿದ್ದನ್ನು ಉಣ್ಣುತ್ತಿದ್ದಳು, ಒಗೆದುಕೊಟ್ಟದ್ದನ್ನು ತೊಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಲೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಬಾಚಣಿಗೆ ಹಿಡಿದು ಹತ್ತಿರ ಹೋದರೆ ಸಾಕು, "ನಾನೇ ಬಾಚ್ಕತೀನಿ" ಎಂದು ಕನ್ನಡಿ ಮುಂದೆ ಓಡುವಳು. ಬೈತಲೆ ಸೊಟ್ಟ, ಒಂದು ಜಡೆ ಕಿವಿಯ ಹತ್ತಿರ, ಇನ್ನೊಂದು ಕತ್ತಿನ ಹತ್ತಿರ. ಬೀದಿಯ ಹೆಂಗಸರು ಆ ಜಡೆ ನೋಡಿ, ಆಮೇಲೆ ಸುಕನ್ಯಳ ಮುಖ ನೋಡುತ್ತಿದ್ದರು. ಅದರಿಂದ ಅವಳಿಗೆ ನೋವಾಗುತ್ತಿರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಕೂದಲಲ್ಲಿ ಒಂದೇ ಒಂದು ಸಲ ಬೆರಳಾಡಿಸಬೇಕು ಎಂದು ದಿನವೂ ಆಸೆಯಾಗುತ್ತಿತ್ತು.

ಬೇಸಿಗೆ ರಜೆ ಶುರುವಾದ ಮೇಲೆ ಸಿಂಧು ಅಪ್ಪನ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಯಾವುದೋ ಊರಿನ ಮಕ್ಕಳು ಬಕೆಟ್ ಕೆಳಗೆ ಕೂರುತ್ತಾರೆ, ಹಗ್ಗ ಎಳೆದರೆ ಹಸಿರು ಲೋಳೆ ತಲೆ ಮೇಲೆ ದಬದಬ ಸುರಿಯುತ್ತದೆ. ತನಗೂ ಅದು ಬೇಕು ಎಂದು ಹಟ ಹಿಡಿದಳು. ಗೂಡ್ಸ್ ಆಟೋ ಓಡಿಸುವ ಮಾದೇಶ, "ಭಾನ್ವಾರ ಮಾಡಾನ ಬುಡು ಮಗಾ" ಎಂದ. ಮೂರು ಭಾನುವಾರ ಕಳೆದವು.

"ನಾನ್ ಮಾಡ್ಕೊಡ್ಲಾ?" ಎಂದು ಸುಕನ್ಯ ಕೇಳಿದಾಗ ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಗೆ ಬತ್ತದಾ?"

"ನಮ್ಮೂರಲ್ಲಿ ಆನೇನೇ ಓಡಿಸ್ತೀವಿ ಕಣೇ, ಬಕೆಟ್ ಯಾವ ಲೆಕ್ಕ?"

ಅದು ಬರಿಯ ಬಡಾಯಿಯಲ್ಲ. ಕಾಡಂಚಿನ ಹೊಲದಲ್ಲಿ ಖಾಲಿ ಡಬ್ಬಗಳನ್ನು ಕಟ್ಟಿ, ಮರದ ಮೇಲಿನ ಅಟ್ಟಣೆಯಿಂದ ಹಗ್ಗ ಎಳೆದು ಸದ್ದು ಮಾಡಿ ಆನೆ ಬೆದರಿಸುತ್ತ ಬೆಳೆದವಳು ಅವಳು. ಹಿತ್ತಲಲ್ಲಿ ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಬೇಸಿಗೆಯಲ್ಲಿ ಖಾಲಿ ಬಿದ್ದಿತ್ತು. ಅದರ ಮುಂದಿನ ಚಪ್ಪರದ ಎರಡು ಕಂಬಗಳನ್ನೇ ಆರಿಸಿಕೊಂಡಳು. ಹಳೆಯ ಪೇಂಟ್ ಬಕೆಟ್ಟಿಗೆ ಕಾದ ಸಲಾಕೆಯಿಂದ ಎರಡು ಪಕ್ಕ ತೂತು ಮಾಡಿ, ಬಿದಿರಿನ ಗಳ ತೂರಿಸಿ, ಸೋರದಂತೆ ಸಂದಿಗೆ ಬಟ್ಟೆ ತುರುಕಿ, ಕಂಬಗಳ ನಡುವೆ ಎತ್ತರಕ್ಕೆ ಕಟ್ಟಿದಳು.

"ತೂತು ಮಧ್ಯಕ್ಕಿಂತ ಒಸಿ ಕೆಳಗಿರ್ಬೇಕು. ಮ್ಯಾಲೆ ಭಾರ ಜಾಸ್ತಿ ಆಗ್ಬೇಕು, ಆಗ ತಾನೇ ಮಗುಚ್ಕತದೆ" ಎಂದು ವಿವರಿಸಿದಳು. ಬಕೆಟ್ಟಿನ ಬಾಯನ್ನು ಜಾರುಗಂಟಿನಿಂದ ಕಂಬದ ಮೊಳೆಗೆ ಬಿಗಿದು, ಹಗ್ಗದ ತುದಿಯನ್ನು ಹುಡುಗಿಯ ಕೈಗೆ ಕೊಟ್ಟಳು. ನಿನ್ನೆ ಸಂಜೆ ನೀರು ತುಂಬಿ ಎಳೆದು ನೋಡಿದಾಗ, ಕೆಳಗೆ ಕೆದಕುತ್ತಿದ್ದ ಕೋಳಿ ತೊಪ್ಪನೆ ನೆನೆದು ಬ್ಯಾರನ್ನಿಗೆ ಎರಡು ಸುತ್ತು ಹಾಕಿತು. ಸಿಂಧು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ನೋಡಿ ಸುಕನ್ಯಳಿಗೆ ಸಂತೋಷದಲ್ಲಿ ರಾತ್ರಿ ಎರಡು ತುತ್ತು ಹೆಚ್ಚೇ ಸೇರಿತ್ತು.

ಈಗ ರಾಗಿಯಿಲ್ಲ ಎಂದಮೇಲೆ ಲೋಳೆಗೆ ಏನು ಮಾಡುವುದು? ಸುಕನ್ಯ ಹಿತ್ತಲಿಗೆ ಬಂದಳು. ಬಚ್ಚಲ ಪಕ್ಕದಲ್ಲಿ ದಾಸವಾಳದ ಗಿಡ ಸೊಂಪಾಗಿ ಹಬ್ಬಿ ನಿಂತಿತ್ತು. ಅಯ್ಯೋ, ಇಷ್ಟು ದಿನ ಇದು ಹೊಳೆಯಲೇ ಇಲ್ಲವಲ್ಲ! ಮಡಿಲ ತುಂಬ ಎಲೆ ಕಿತ್ತಳು, ಒರಳಿಗೆ ಹಾಕಿ ಜಜ್ಜಿದಳು, ನೀರಿನಲ್ಲಿ ಕಿವುಚಿದಳು. ಸಾಲದು ಎನ್ನಿಸಿ ಮತ್ತೆರಡು ಮಡಿಲು ಕಿತ್ತಳು. ಕೈ ಎತ್ತಿದರೆ ನೂಲುನೂಲಾಗಿ ಇಳಿಯುವ ಹಸಿರು ಲೋಳೆ ಮುಕ್ಕಾಲು ಬಕೆಟ್ ಆಯಿತು. ಏಣಿ ಹತ್ತಿ ತುಂಬಿಸಿಟ್ಟು, ಕೆಳಗೆ ಒಂದು ಮಣೆ ಹಾಕಿ, ದಾರಿ ಕಾಯುತ್ತ ನಿಂತಳು.

ಸಿಂಧು ಓಡುತ್ತ ಬಂದವಳು ಬಕೆಟ್ಟನ್ನು ನೋಡಲೇ ಇಲ್ಲ. ಬೋಳಾದ ಗಿಡದ ಮುಂದೆ ಗಕ್ಕನೆ ನಿಂತಳು.

"ಯಾರ್ ಕಿತ್ತಿದ್ದು?"

"ನಾನೇ ಮಗಾ. ಲೋಳೆಗೆ..."

"ಅದು ನಮ್ಮವ್ವನ ಗಿಡ! ನನ್ ತಲೆಗೆ ಆಕಕ್ಕೆ ಅಂತ ಅವ್ವ ನೆಟ್ಟಿದ್ಲು. ಯಾರೂ ಕೀಳಂಗಿಲ್ಲ!" ಹುಡುಗಿಯ ದನಿ ಒಡೆಯಿತು.

ಮರಮ್ಮ ಅಕ್ಕಿಚೀಲ ಇಳಿಸಿ, ಸೊಸೆಯ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು. "ರಾಧಾ ಹೋದ್ಮ್ಯಾಲೆ ಇವ್ಳು ಒಂದೆಲೆ ಕೀಳಕ್ಕೂ ಬುಟ್ಟಿಲ್ಲ ಕಣವ್ವ. ನಿಂಗೆ ಯೋಳಾದೇ ಮರ್ತೆ."

ಸುಕನ್ಯ ಬೋಳು ಗಿಡವನ್ನು ನೋಡಿದಳು. ಆರು ತಿಂಗಳು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರವಾದದ್ದನ್ನು ತನ್ನ ಕೈಯಾರೆ ಕಿತ್ತುಹಾಕಿದೆನಲ್ಲ ಎನ್ನಿಸಿತು. ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಅದರ ಬದಲು ನೇರ ಹೋಗಿ ಮಣೆಯ ಮೇಲೆ ಕುಳಿತು ತುರುಬು ಬಿಚ್ಚಿದಳು.

"ತಪ್ಪಾಯ್ತು ಮಗಾ. ಕಿತ್ತೋಳು ನಾನು, ನನ್ ಮ್ಯಾಲೇ ಸುರಿ. ಬಾ, ಎಳಿ ಹಗ್ಗನ."

ಸಿಂಧು ಬಂದಳು. ಹಗ್ಗ ಹಿಡಿದು, ಹಲ್ಲು ಕಚ್ಚಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಜಗ್ಗಿದಳು. ಬಕೆಟ್ ಗಕ್ಕನೆ ಬೋರಲಾಯಿತು. ಲೋಳೆ ನೆತ್ತಿಯ ಮೇಲೆ ಬಿದ್ದು, ಹಣೆ, ಮೂಗು, ಗಲ್ಲದಿಂದ ಇಳಿದು, ಮೂಗಿನ ತುದಿಯಲ್ಲಿ ಉದ್ದಕ್ಕೆ ಜೋತಾಡಿತು. ನಿನ್ನೆ ನೆನೆದ ಕೋಳಿ ದೂರದಿಂದಲೇ ಕತ್ತು ಚಾಚಿ ನೋಡಿ ಕೊಕ್ ಎಂದಿತು.

ಮೊದಲು ನಕ್ಕವಳು ಮರಮ್ಮ. ಆಮೇಲೆ ಸಿಂಧುವಿನಿಂದಲೂ ತಡೆಯಲಾಗಲಿಲ್ಲ. ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

"ಚಿಗುರ್ತದೆ ಬುಡು ಕೂಸೇ, ಮಳೆ ಬಂದ್ರೆ ಎಂಟೇ ದಿನ" ಎಂದು ಮರಮ್ಮ ಒಳಗೆ ಹೋದಳು.

ಜಜ್ಜಿದ ಎಲೆಯ ಹಸಿ ವಾಸನೆ ಚಪ್ಪರದ ತುಂಬ ಹರಡಿತ್ತು. ಸಿಂಧು ಮೂಗೇರಿಸುತ್ತ ಹತ್ತಿರ ಬಂದಳು. ಸುಕನ್ಯಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ಎಲೆಯ ದೇಟನ್ನು ತೆಗೆದು ಎಸೆದಳು. ಆಮೇಲೆ ಇನ್ನೊಂದು.

"ಇಂಗೇ ಬುಟ್ರೆ ಒಣಗೋಯ್ತದೆ" ಎಂದಳು. "ಉಜ್ಬೇಕು. ಅವ್ವ ಮೊದ್ಲು ಕಿವಿ ಇಂದ್ಗಡೆ ಉಜ್ಜೋಳು. ಆಮ್ಯಾಕೆ ನೆತ್ತಿ."

ಸಣ್ಣ ಬೆರಳುಗಳು ಕಿವಿಯ ಹಿಂದಿನಿಂದ ಶುರುಮಾಡಿ ನೆತ್ತಿಗೆ ಬಂದವು. ಸುಕನ್ಯ ಅಲುಗಾಡದೆ ಕುಳಿತಳು. ಕಣ್ಣಿಂದ ಇಳಿದದ್ದು ಲೋಳೆಯ ಜೊತೆ ಸೇರಿ ಯಾರಿಗೂ ಕಾಣಲಿಲ್ಲ.

ಬೆರಳುಗಳು ನಿಂತವು. ಸಿಂಧು ಏಣಿಯ ಮೇಲೆ ಹತ್ತಿ, ಬೋರಲಾಗಿದ್ದ ಬಕೆಟ್ಟನ್ನು ತಿರುಗಿಸಿ ಒಳಗೆ ಇಣುಕಿದಳು.

"ತಳದಲ್ಲಿ ಇನ್ನೂ ಒಸಿ ಐತೆ."

ಇಳಿದು ಬಂದು, ಎರಡೂ ಜಡೆಗಳ ರಬ್ಬರ್ ಬ್ಯಾಂಡ್ ಕಿತ್ತು ಮಣಿಕಟ್ಟಿಗೆ ಹಾಕಿಕೊಂಡು, ಸುಕನ್ಯಳಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಳು.

ಸುಕನ್ಯ ಎದ್ದು, ಬಕೆಟ್ಟಿನ ತಳವನ್ನು ಬೊಗಸೆಗೆ ಬಳಿದುಕೊಂಡು ಬಂದಳು. ಮೊದಲು ಕಿವಿಯ ಹಿಂದೆ ಉಜ್ಜಿದಳು.